ಬೀದಿಯಿಂದ ಬಂದ ಐವರು ಮಹಿಳೆಯರಿಗೆ ಊರೊಳಗೆ ಬಾಡಿಗೆ ಮನೆ: ಏನೇನು ನೋಡಿಕೊಳ್ಳಬೇಕು?

ತುಂಗಾತೀರ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಶಿವಮೊಗ್ಗ ಕಡೆಯ ನಿರಾಶ್ರಿತರ ಕೇಂದ್ರವೊಂದರಲ್ಲಿ ಐವರು ಮಹಿಳೆಯರಿದ್ದಾರೆ. ಮೂವರಿಗೆ ಸ್ಕಿಜೋಫ್ರೇನಿಯಾ, ಇಬ್ಬರಿಗೆ ಬೈಪೋಲಾರ್ ಎಂಬ ಮಾನಸಿಕ ಕಾಯಿಲೆ. ಎರಡು ವರ್ಷದಿಂದ ಔಷಧಿ ತಪ್ಪಿಸಿಲ್ಲ, ಆರಾಮಾಗಿದ್ದಾರೆ. ಇಬ್ಬರ ಮನೆಯವರು ಕರೆದುಕೊಂಡು ಹೋಗಲು ಒಪ್ಪಿಲ್ಲ, ಉಳಿದವರ ಊರು ಪತ್ತೆಯಾಗಿಲ್ಲ. ಇನ್ನು ಜೀವಮಾನವಿಡೀ ಮೂವತ್ತು ಮಂಚದ ಹಾಲ್‌ನಲ್ಲೇ ಇರಲಿ ಎನ್ನುವುದು ಸರಿಯಲ್ಲ ಅನ್ನಿಸಿ ಬಾಡಿಗೆ ಮನೆ ಹುಡುಕುತ್ತಿದ್ದೇವೆ. ಎಂಥ ಮನೆ ಬೇಕು? ಜೊತೆಗೆ ಯಾರಿರಬೇಕು? ನೋಂದಣಿ ಬೇಕಾ? ಔಷಧಿ ಯಾರ ಕೈಯಲ್ಲಿರಬೇಕು?

ಹಿತ್ತಲಬಾಗಿಲು

ಚೆನ್ನೈನ ಬ್ಯಾನಿಯನ್ ಸಂಸ್ಥೆಯ ‘ಹೋಮ್ ಅಗೇನ್’ ನಿಮಗೆ ಹತ್ತಿರದ ಮಾದರಿ. ನಾಲ್ಕೈದು ಜನ ಸಾಮಾನ್ಯ ಬೀದಿಯ ಸಾಮಾನ್ಯ ಮನೆಯಲ್ಲಿ ಒಟ್ಟಿಗಿರುತ್ತಾರೆ, ಅಗತ್ಯಕ್ಕೆ ತಕ್ಕಂತೆ ಸಹಾಯಕಿ ಇರುತ್ತಾರೆ. ಐದಕ್ಕಿಂತ ಹೆಚ್ಚು ಬೇಡ. ಎಂಟು ಹತ್ತು ಜನರಾದರೆ ಅಡುಗೆಗೆ ದೊಡ್ಡ ಪಾತ್ರೆ, ಗೋಡೆಗೆ ವೇಳಾಪಟ್ಟಿ ಬಂದು ಮನೆ ಮತ್ತೆ ಹಾಸ್ಟೆಲ್ ಆಗುತ್ತದೆ.

ಯಾರ ಜೊತೆ ಯಾರು ಇರಬೇಕೆಂದು ನೀವು ನಿರ್ಧರಿಸಬೇಡಿ, ಅವರನ್ನೇ ಕೇಳಿ. ಕರಾರಿಗೆ ಮುಂಚೆ ಮನೆ ನೋಡಲು ಅವರೇ ಬರಲಿ. ನೆಲಮಹಡಿಯಾಗಿರಲಿ, ಎರಡು ರೂಮು, ಒಂದು ಹಾಲ್, ಕಡ್ಡಾಯವಾಗಿ ಎರಡು ಶೌಚಾಲಯ. ಒಂದೇ ಇದ್ದರೆ ಬೆಳಗಿನ ಏಳು ಗಂಟೆಯ ಜಗಳ ತಪ್ಪುವುದಿಲ್ಲ, ಅದನ್ನು ಕಂಡವರು ಕಾಯಿಲೆ ಮರುಕಳಿಸಿತು ಎಂದುಕೊಳ್ಳುತ್ತಾರೆ. ಅಂಗಡಿ, ಬಸ್ ಸ್ಟಾಪ್ ನಡೆಯುವ ದೂರದಲ್ಲಿರಲಿ. ಊರಾಚೆ ತೋಟದ ಮನೆ ಅಗ್ಗಕ್ಕೆ ಸಿಗುತ್ತದೆ, ಆದರೆ ಅಲ್ಲಿ ನೆರೆಹೊರೆಯೇ ಇರುವುದಿಲ್ಲ.

ಬೀಗದ ಕೈ ಐದು ಮಾಡಿಸಿ, ಒಬ್ಬೊಬ್ಬರಿಗೆ ಒಂದೊಂದು. ಸಹಾಯಕಿಯದು ಆರನೆಯದು. ಹೊರಗಿನಿಂದ ಬೀಗ ಹಾಕುವ ಪದ್ಧತಿ ಒಂದು ರಾತ್ರಿಗೂ ಬೇಡ. ಬೆಂಕಿ ಬಿದ್ದರೆ ಗತಿಯೇನು ಎನ್ನುವುದು ಒಂದು, ಬೀಗ ಬಿದ್ದ ದಿನ ಅದು ಅವರ ಮನೆಯಾಗಿ ಉಳಿಯುವುದಿಲ್ಲ ಎನ್ನುವುದು ಇನ್ನೊಂದು. ಪ್ರತಿಯೊಬ್ಬರಿಗೂ ತಮ್ಮದೇ ಬೀಗವಿರುವ ಒಂದು ಕಪಾಟೂ ಬೇಕು. ಎಲ್ಲ ಸಾಮಾನೂ ಒಂದೇ ಚೀಲದಲ್ಲಿ ಹೊತ್ತು ಬದುಕಿದವರಿಗೆ ಇದು ನಾವು ಎಣಿಸುವುದಕ್ಕಿಂತ ದೊಡ್ಡದು.

ಸಹಾಯಕಿ ನರ್ಸ್ ಆಗಿರಬೇಕಿಲ್ಲ. ಅದೇ ಬಡಾವಣೆಯವರಾದರೆ ಒಳ್ಳೆಯದು, ಅಂಗಡಿಯವರ, ಅಕ್ಕಪಕ್ಕದವರ ಪರಿಚಯ ತಾನಾಗಿ ಬರುತ್ತದೆ. ಇಬ್ಬರನ್ನು ನೇಮಿಸಿ ಪಾಳಿ ಹಾಕಿ, ವಾರದ ರಜೆ ಖಡಾಖಂಡಿತವಾಗಿ ಕೊಡಿ. ಒಬ್ಬರ ಮೇಲೇ ಹೊರೆ ಬಿದ್ದರೆ ಅವರೂ ಹೆಚ್ಚು ದಿನ ನಿಲ್ಲುವುದಿಲ್ಲ. ಮೊದಲ ಮೂರು ತಿಂಗಳು ರಾತ್ರಿಯೂ ಇರಲಿ, ಆಮೇಲೆ ಆ ಐವರ ಜೊತೆ ಮಾತಾಡಿ ಕಡಿಮೆ ಮಾಡಿ.

ಇಲ್ಲಿ ಕೆಡುವುದು ಹೀಗೆ: ಪ್ರೀತಿಯಿಂದಲೇ ಸಹಾಯಕಿ “ಅಕ್ಕ, ನೀವು ಕೂತ್ಕೊಳ್ಳಿ, ನಾನು ಮಾಡ್ತೀನಿ” ಎಂದು ಒಲೆ ಮುಂದೆ ನಿಲ್ಲುತ್ತಾರೆ. ಆರು ತಿಂಗಳಲ್ಲಿ ಐವರೂ ತಟ್ಟೆ ಹಿಡಿದು ಕಾಯುವವರಾಗುತ್ತಾರೆ. ಇಂದು ಉಪ್ಪಿಟ್ಟೋ ಅವಲಕ್ಕಿಯೋ ಯಾರು ಹೇಳಿದರು, ತರಕಾರಿಯವನ ಹತ್ತಿರ ಯಾರು ಚೌಕಾಸಿ ಮಾಡಿದರು, ಭೇಟಿಗೆ ಹೋದಾಗ ಇದನ್ನು ಕೇಳಿ. ಸ್ವಚ್ಛತೆಗೆ ಅಂಕ ಹಾಕುವುದು ಬೇಡ.

ಕಲಂ19

ಕಾನೂನಿನ ಮಾತು. ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ, 2017 ನಿಮ್ಮ ಬೆನ್ನಿಗಿದೆ. ಮನೆಯಿಲ್ಲ, ಕುಟುಂಬ ಒಪ್ಪಿಕೊಂಡಿಲ್ಲ ಎಂಬ ಕಾರಣಕ್ಕೇ ಯಾರನ್ನೂ ಮಾನಸಿಕ ಆರೋಗ್ಯ ಸಂಸ್ಥೆಯಲ್ಲಿ ಉಳಿಸಿಕೊಳ್ಳುವಂತಿಲ್ಲ ಎನ್ನುತ್ತದೆ ಕಲಂ 19. ಹಾಫ್‌ವೇ ಹೋಮ್ (ಆಸ್ಪತ್ರೆಗೂ ಮನೆಗೂ ನಡುವಿನ ತಂಗುಮನೆ), ನೆರವಿನ ವಸತಿ ಒದಗಿಸುವುದು ಸರ್ಕಾರದ ಹೊಣೆ ಎನ್ನುತ್ತದೆ ಕಲಂ 18. ಅರ್ಜಿ ಕೊಡುವಾಗ ಇವೆರಡನ್ನೂ ಹೆಸರಿಸಿ.

ನೋಂದಣಿಯದು ಸೂಕ್ಷ್ಮ. ಮಾನಸಿಕ ಅಸ್ವಸ್ಥರನ್ನು ಆರೈಕೆಗೆ, ಚಿಕಿತ್ಸೆಗೆ, ಪುನರ್ವಸತಿಗೆ ಇರಿಸಿಕೊಳ್ಳುವ ಜಾಗ ‘ಮಾನಸಿಕ ಆರೋಗ್ಯ ಸಂಸ್ಥೆ’ ಎನಿಸಿಕೊಳ್ಳುತ್ತದೆ, ಅದಕ್ಕೆ ನೋಂದಣಿ ಕಡ್ಡಾಯ. ಸಂಬಂಧಿಕರ ಅಥವಾ ಸ್ನೇಹಿತರ ಜೊತೆ ಇರುವ ಮನೆ ಆ ವ್ಯಾಖ್ಯೆಯಿಂದ ಹೊರಗೆ. ನಿಮ್ಮದು ಯಾವುದಾಗುತ್ತದೆಂದು ಊಹೆಯ ಮೇಲೆ ನಡೆಯಬೇಡಿ. ರಾಜ್ಯ ಮಾನಸಿಕ ಆರೋಗ್ಯ ಪ್ರಾಧಿಕಾರಕ್ಕೆ ಬರೆದು, ಲಿಖಿತ ಉತ್ತರ ಫೈಲಿನಲ್ಲಿಡಿ.

11 ತಿಂಗಳ ಕರಾರಿನಲ್ಲಿ ಐವರ ಹೆಸರೂ ಬಾಡಿಗೆದಾರರಾಗಿ ಇರಲಿ, ಸಂಸ್ಥೆ ಜಾಮೀನು ನಿಲ್ಲಲಿ. ಓನರ್ ಒಪ್ಪದೆ ಸಂಸ್ಥೆಯ ಹೆಸರಲ್ಲೇ ಮಾಡಬೇಕಾಗಿ ಬಂದರೆ, ವಾಸಿಸುವವರ ಹೆಸರು ಒಂದು ಕಲಮಿನಲ್ಲಾದರೂ ಬರಲಿ. ಅವರು ಒಪ್ಪದೆ ಓನರ್‌ಗೆ ಕಾಯಿಲೆಯ ವಿವರ ಹೇಳಬೇಡಿ. “ಐವರು ಹೆಂಗಸರಿರುತ್ತಾರೆ, ನಮ್ಮ ಸಹಾಯಕಿ ಬರುತ್ತಿರುತ್ತಾರೆ, ಬಾಡಿಗೆ 5ನೇ ತಾರೀಕಿನೊಳಗೆ ಬರುತ್ತದೆ, ತೊಂದರೆಯಾದರೆ ಈ ನಂಬರಿಗೆ ಫೋನ್ ಮಾಡಿ” ಅಂದರೆ ಸಾಕು. ಆ ನಂಬರನ್ನು ರಾತ್ರಿಯೂ ಎತ್ತಬೇಕು. ಕರಾರು ಪತ್ರವಿದ್ದರೆ ಬಾಡಿಗೆದಾರರೂ ಗೃಹಜ್ಯೋತಿಗೆ ಅರ್ಜಿ ಹಾಕಬಹುದು.

ಅಂಗವಿಕಲತೆ ಪ್ರಮಾಣಪತ್ರಕ್ಕೆ ‘ಐಡಿಯಾಸ್’ ಮಾಪನ ಬಳಸುತ್ತಾರೆ. ಸ್ವಂತ ಆರೈಕೆ, ಜನರೊಡನೆ ಒಡನಾಟ, ಸಂವಹನ, ಕೆಲಸ ಈ ನಾಲ್ಕಕ್ಕೆ ತಲಾ 0–4 ಅಂಕ, ಕಾಯಿಲೆಯ ಅವಧಿಗೆ 1–4; ತೊಂದರೆ ಹೆಚ್ಚಿದಷ್ಟೂ ಅಂಕ ಹೆಚ್ಚು. ಒಟ್ಟು 7 ಬಂದರೆ ಅಂಗವಿಕಲತೆ ಶೇ 40 ಮುಟ್ಟುತ್ತದೆ, ಸೌಲಭ್ಯಗಳಿಗೆ ಸಾಮಾನ್ಯವಾಗಿ ಬೇಕಾದದ್ದು ಅಷ್ಟು. ಕಾಯಿಲೆ ಎಂದು ಶುರುವಾಯಿತೆಂಬ ದಾಖಲೆ ಬೀದಿಯಿಂದ ಬಂದವರ ಬಳಿ ಇರುವುದಿಲ್ಲ, ಅಂಕ ಅಲ್ಲೇ ಹೋಗುತ್ತದೆ. ಮೊದಲ ದಾಖಲಾತಿಯ ಚೀಟಿಯಿಂದ ಹಿಡಿದು ಎಲ್ಲವನ್ನೂ ಜೋಡಿಸಿ ಒಯ್ಯಿರಿ.

ಬ್ಯಾಂಕ್ ಖಾತೆ ಅವರವರ ಹೆಸರಲ್ಲೇ ಇರಲಿ. ಐದು ಎಟಿಎಂ ಕಾರ್ಡನ್ನು ರಬ್ಬರ್ ಬ್ಯಾಂಡ್ ಹಾಕಿ ಆಫೀಸಿನ ಬೀರುವಿನಲ್ಲಿಟ್ಟು, ಹಿಂದೆ ಪಿನ್ ಅಂಟಿಸುವುದು ನೆರವಲ್ಲ.

ಗುಳಿಗೆಡಬ್ಬಿ

ಔಷಧಿ ಅವರದು, ಅವರ ಕೈಗೇ ಹೋಗಬೇಕು, ಆದರೆ ಮೆಟ್ಟಿಲು ಮೆಟ್ಟಿಲಾಗಿ. ಏಳು ದಿನ, ಮೂರು ಹೊತ್ತಿನ ಡಬ್ಬಿ ತನ್ನಿ. ಮೊದಲ ತಿಂಗಳು ಸಹಾಯಕಿ ತುಂಬಲಿ, ಅವರು ನೋಡಲಿ. ಎರಡನೇ ತಿಂಗಳು ಅವರು ತುಂಬಲಿ, ಸಹಾಯಕಿ ನೋಡಲಿ. ಆಮೇಲೆ ಭಾನುವಾರಕ್ಕೊಮ್ಮೆ ಎಣಿಸಿದರೆ ಸಾಕು. ಸರ್ಕಾರಿ ಆಸ್ಪತ್ರೆಯಲ್ಲಿ “ಸ್ಟಾಕ್ ಇಲ್ಲ, ಮುಂದಿನ ವಾರ ಬನ್ನಿ” ಅನ್ನಿಸಿಕೊಳ್ಳುವ ದಿನ ಬಂದೇ ಬರುತ್ತದೆ, ಅದಕ್ಕೆ ಹತ್ತು ದಿನದ್ದು ಯಾವಾಗಲೂ ಕೈಯಲ್ಲಿರಲಿ.

ಬೈಪೋಲಾರ್ ಇರುವವರು ಲಿಥಿಯಂ ತಗೊಳ್ತಿದ್ದರೆ ಅಡುಗೆಮನೆಯ ಮೇಲೂ ಕಣ್ಣಿರಲಿ. ಬಿಪಿ ಇದೆಯೆಂದು ಏಕಾಏಕಿ ಉಪ್ಪು ಬಿಟ್ಟರೆ, ವಾಂತಿಭೇದಿಯಾದರೆ, ಬೇಸಿಗೆಯಲ್ಲಿ ನೀರು ಕಡಿಮೆ ಕುಡಿದರೆ, ಮಂಡಿನೋವಿಗೆ ಮೆಡಿಕಲ್‌ನಿಂದ ಐಬುಪ್ರೊಫೆನ್, ಡೈಕ್ಲೋಫೆನಾಕ್ ತಂದು ನುಂಗಿದರೆ ರಕ್ತದಲ್ಲಿ ಲಿಥಿಯಂ ಏರುತ್ತದೆ. ಕೈ ಜೋರಾಗಿ ನಡುಗುವುದು, ತೂರಾಡುವ ನಡಿಗೆ, ಮಾತು ತೊದಲುವುದು ಕಂಡರೆ ಅಂದೇ ಆಸ್ಪತ್ರೆಗೆ ಹೋಗಿ. ಲಿಥಿಯಂ ಮಟ್ಟದ ರಕ್ತ ಪರೀಕ್ಷೆಯನ್ನು ಕೊನೆಯ ಗುಳಿಗೆ ನುಂಗಿ 12 ಗಂಟೆ ಕಳೆದ ಮೇಲೆ ಮಾಡಿಸಿ. ಕ್ಲೋಜಪಿನ್ ಎಂಬ ಸ್ಕಿಜೋಫ್ರೇನಿಯಾ ಔಷಧಿ ತಗೊಳ್ಳುವವರ ಮಲಬದ್ಧತೆಯನ್ನು ಹಗುರಾಗಿ ತೆಗೆದುಕೊಳ್ಳಬೇಡಿ, ಕರುಳು ಕಟ್ಟಿ ಪ್ರಾಣಕ್ಕೇ ಕುತ್ತಾಗಬಹುದು.

ಕಾಯಿಲೆ ಮರಳುವ ಮುನ್ನ ಬಹಳ ಸಲ ನಿದ್ದೆ ಕೆಡುತ್ತದೆ. ಆರಾಮಿರುವಾಗಲೇ ಅವರವರ ಮಾತಲ್ಲೇ ಒಂದು ಹಾಳೆ ಬರೆಸಿ: ನನಗೆ ಮೊದಲು ಏನಾಗುತ್ತದೆ, ಆಗ ಯಾರನ್ನು ಕರೆಯಬೇಕು, ಏನು ಮಾಡಬಾರದು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ ನಂಬರ್ 14416 ಕೂಡ ಅದರಲ್ಲಿರಲಿ.

ತುಂಗಾತೀರ

ತುಂಬಾ ಉಪಕಾರ. ಒಂದು ಉಳಿದಿದೆ. ಯಾರಾದರೂ ಔಷಧಿ ಬೇಡವೆಂದರೆ ವಾಪಸ್ ಕೇಂದ್ರಕ್ಕೆ ಎಂದು ನಿಯಮ ಹಾಕಬೇಕೆಂದು ಕಮಿಟಿಯವರು ಹೇಳುತ್ತಿದ್ದಾರೆ.

ಹಿತ್ತಲಬಾಗಿಲು

ದಯವಿಟ್ಟು ಹಾಕಬೇಡಿ. 1992ರಲ್ಲಿ ನ್ಯೂಯಾರ್ಕಿನಲ್ಲಿ ಮನಶ್ಶಾಸ್ತ್ರಜ್ಞ ಸ್ಯಾಮ್ ಸೆಂಬೆರಿಸ್, ಬೀದಿಯಲ್ಲಿದ್ದ ಮಾನಸಿಕ ಅಸ್ವಸ್ಥರಿಗೆ ಮನೆ ಕೊಡುವ ‘ಪಾಥ್‌ವೇಸ್ ಟು ಹೌಸಿಂಗ್’ ಶುರು ಮಾಡಿದ್ದೇ ಈ ನಿಯಮವನ್ನು ತೆಗೆದುಹಾಕಿ. ಮನೆ ಮೊದಲು, ಚಿಕಿತ್ಸೆಗೆ ಒಪ್ಪುವುದು ಷರತ್ತಲ್ಲ. ಅಲ್ಲಿ ಆದಾಯದ ಶೇ 30 ಬಾಡಿಗೆಗೆ ಕೊಡಬೇಕಿತ್ತು, ತಂಡದವರು ಭೇಟಿಗೆ ಬಂದಾಗ ಬಾಗಿಲು ತೆರೆಯಬೇಕಿತ್ತು, ಅಷ್ಟೆ. ಮನೆ ಹೋಗುತ್ತದೆಂಬ ಹೆದರಿಕೆಯಿದ್ದರೆ ಗುಳಿಗೆ ಬಿಟ್ಟದ್ದನ್ನು ಮುಚ್ಚಿಡುತ್ತಾರೆ, ನಿಮಗೆ ಗೊತ್ತಾಗುವಷ್ಟರಲ್ಲಿ ಹೊತ್ತು ಮೀರಿರುತ್ತದೆ. ಹೆದರಿಕೆಯಿಲ್ಲದಿದ್ದರೆ “ತೂಕ ಜಾಸ್ತಿಯಾಗ್ತಿದೆ, ಅದಕ್ಕೇ ಬಿಟ್ಟೆ” ಎಂದು ಹೇಳುತ್ತಾರೆ, ಡಾಕ್ಟರ್ ಬದಲಿ ಔಷಧಿ ಕೊಡಬಹುದು.

ಆಸ್ಪತ್ರೆಗೆ ಸೇರಿಸಬೇಕಾಗಿ ಬಂದರೂ ಅವರ ಮಂಚಕ್ಕೆ ಬೇರೆಯವರನ್ನು ತರಬೇಡಿ. ಮೂರು ತಿಂಗಳ ಬಾಡಿಗೆಯನ್ನು ಇದಕ್ಕೆಂದೇ ಬೇರೆ ಎತ್ತಿಡಿ. ಕಪಾಟಿನ ಬೀಗದ ಕೈ ಅವರ ಹತ್ತಿರವೇ ಇರಲಿ.