ಉಸಿರಾಟದ ವೈರಲ್ ಜ್ವರಕ್ಕೆ ಬಿ-ಕಾಂಪ್ಲೆಕ್ಸ್: ಸಂಘದ ಹಣದಲ್ಲಿ ಹಂಚುವಷ್ಟು ಆಧಾರವಿದೆಯೇ?

ಪ್ರಶ್ನೆ: ಲೆಕ್ಕಿಗ, ಜಮಖಂಡಿ

ಎಲ್ಲರಿಗೂ ಶರಣು. ನಾನು ಜಮಖಂಡಿ ತಾಲೂಕಿನ ಒಂದು ಪತ್ತಿನ ಸಹಕಾರಿ ಸಂಘದಲ್ಲಿ ಲೆಕ್ಕಪತ್ರ ನೋಡಿಕೊಳ್ಳುವವನು, ವೈದ್ಯನಲ್ಲ. ಕಬ್ಬಿನ ಹಂಗಾಮು ಶುರುವಾಗಿ ಧೂಳು, ಚಳಿ ಎರಡೂ ಏರುವ ಹೊತ್ತಿಗೆ ನಮ್ಮಲ್ಲಿ ಹಿರಿಯರು ಕೆಮ್ಮು-ಜ್ವರದಿಂದ ಹಾಸಿಗೆ ಹಿಡಿಯುವುದು ಪ್ರತಿ ವರ್ಷದ ಮಾತು. ಅದಕ್ಕಾಗಿ ಸಂಘದ ಕಲ್ಯಾಣ ನಿಧಿಯಲ್ಲಿ ಉಳಿದಿರುವ ಹಣದಿಂದ ಅರವತ್ತು ದಾಟಿದ ಸದಸ್ಯರಿಗೆಲ್ಲ ಚಳಿಗಾಲ ಮುಗಿಯುವವರೆಗೆ ಬಿ-ಕಾಂಪ್ಲೆಕ್ಸ್ ಗುಳಿಗೆ ಹಂಚಬೇಕೆಂಬ ಸೂಚನೆ ಆಡಳಿತ ಮಂಡಳಿಯ ಮುಂದೆ ಬಂದಿದೆ. ಸೂಚನೆ ತಂದ ನಿರ್ದೇಶಕರು ಮೊಬೈಲಿಗೆ ಬಂದ ಎರಡು ಸುದ್ದಿಗಳನ್ನು ಮುದ್ರಿಸಿ ಕಡತಕ್ಕೆ ಲಗತ್ತಿಸಿದ್ದಾರೆ. ಬಿ12 ಪಡೆದ ಕೊರೋನಾ ರೋಗಿಗಳಿಗೆ ಆಮ್ಲಜನಕದ ಅಗತ್ಯ ಕಡಿಮೆಯಾದದ್ದು ಸಿಂಗಪುರದಲ್ಲಿ ಸಾಬೀತಾಗಿದೆ ಎಂಬುದು ಒಂದು. ಬಿ2, ಅಂದರೆ ರೈಬೊಫ್ಲೇವಿನ್, ಕೊರೋನಾ ವೈರಸ್ಸನ್ನು ನಾಶ ಮಾಡುತ್ತದೆ ಎಂಬುದು ಇನ್ನೊಂದು.

ಟಿಪ್ಪಣಿ ಬರೆಯುವ ಕೆಲಸ ನನ್ನ ಪಾಲಿಗೆ ಬಂದಿದೆ. ಬಿ ಗುಂಪಿನ ವಿಟಮಿನ್‌ಗಳು ಫ್ಲೂ, ಕೊರೋನಾದಂಥ ಕಾಯಿಲೆ ಬರದಂತೆ ತಡೆಯುತ್ತವೆಯೇ, ಬಂದ ಮೇಲೆ ಅದರ ಉಗ್ರತೆಯನ್ನು ತಗ್ಗಿಸುತ್ತವೆಯೇ ಎಂಬುದಕ್ಕೆ ಗಟ್ಟಿ ಸಂಶೋಧನೆ ಇದ್ದರೆ ತಿಳಿಸಿ. ನಮ್ಮ ಸದಸ್ಯರಲ್ಲಿ ಹೆಚ್ಚಿನವರು ಸಸ್ಯಾಹಾರಿಗಳು, ಅನೇಕರು ಸಕ್ಕರೆ ಕಾಯಿಲೆಗೆ ಗುಳಿಗೆ ನುಂಗುವವರು ಎಂಬುದನ್ನೂ ಗಮನದಲ್ಲಿಡಬೇಕಾಗಿ ವಿನಂತಿ.

ಉತ್ತರ: ಔಷಧಶಾಸ್ತ್ರದ ಮಾಸ್ತರ, ಬೆಳಗಾವಿ

ಲೆಕ್ಕಿಗರೆ, ಮೊದಲು ಎರಡನೆಯ ಸುದ್ದಿಯನ್ನು ಬದಿಗಿಡೋಣ, ಏಕೆಂದರೆ ಅದಕ್ಕೆ ಹೆಚ್ಚು ಮಾತು ಬೇಕಿಲ್ಲ. ರಕ್ತನಿಧಿಗಳಲ್ಲಿ ಪ್ಲಾಸ್ಮಾದ ಚೀಲಕ್ಕೆ ರೈಬೊಫ್ಲೇವಿನ್ ಬೆರೆಸಿ, ಅದರ ಮೇಲೆ ಅತಿನೇರಳೆ ಬೆಳಕು ಹಾಯಿಸಿ, ಒಳಗಿನ ವೈರಸ್‌ಗಳನ್ನು ನಿಷ್ಕ್ರಿಯಗೊಳಿಸುವ ವಿಧಾನವೊಂದಿದೆ; 2020ರಲ್ಲಿ ಅದು ಕೊರೋನಾ ವೈರಸ್ಸಿನ ಮೇಲೂ ಕೆಲಸ ಮಾಡುತ್ತದೆ ಎಂದು ಪ್ರಯೋಗಾಲಯದಲ್ಲಿ ಕಂಡುಬಂತು. ಚೀಲದಲ್ಲಿ ಬೆಳಕಿನ ಕೆಳಗೆ ನಡೆದದ್ದು ಗುಳಿಗೆ ನುಂಗಿದವನ ಶ್ವಾಸಕೋಶದಲ್ಲಿ ನಡೆಯುವುದಿಲ್ಲ. ಅಷ್ಟೇ ವಿಷಯ.

ಸಿಂಗಪುರದ ಅಧ್ಯಯನ ಹಾಗೆ ತಳ್ಳಿಹಾಕುವಂಥದ್ದಲ್ಲ, ಆದರೆ ಹತ್ತಿರದಿಂದ ನೋಡಬೇಕಾದದ್ದು. ಅಲ್ಲಿಯ ಜನರಲ್ ಆಸ್ಪತ್ರೆಯಲ್ಲಿ 2020ರ ಮೊದಲ ತಿಂಗಳುಗಳಲ್ಲಿ ದಾಖಲಾದ, 50 ವರ್ಷ ಮತ್ತು ಅದಕ್ಕೆ ಮೇಲ್ಪಟ್ಟ 43 ಕೊರೋನಾ ರೋಗಿಗಳ ಲೆಕ್ಕ ಅದು. ಅವರಲ್ಲಿ 17 ಜನರಿಗೆ ದಿನಕ್ಕೆ ವಿಟಮಿನ್ ಡಿ 1000 ಯುನಿಟ್, ಮೆಗ್ನೀಸಿಯಂ 150 ಮಿಲಿಗ್ರಾಂ ಮತ್ತು ಬಿ12 500 ಮೈಕ್ರೊಗ್ರಾಂ, ಈ ಮೂರನ್ನೂ ಕೂಡಿಯೇ, ಹೆಚ್ಚೆಂದರೆ 14 ದಿನ ಕೊಡಲಾಯಿತು. ಆ 17ರಲ್ಲಿ 3 ಜನರಿಗೆ ಆಮ್ಲಜನಕ ಬೇಕಾಯಿತು. ಕೊಡದೆ ಇದ್ದ 26ರಲ್ಲಿ 16 ಜನರಿಗೆ ಬೇಕಾಯಿತು. ಅಂಕಿ ನೋಡಿದರೆ ಯಾರಿಗಾದರೂ ಕಣ್ಣು ಅರಳುತ್ತದೆ. ಆದರೆ ಯಾರಿಗೆ ಕೊಡಬೇಕು, ಯಾರಿಗೆ ಬಿಡಬೇಕು ಎಂಬುದನ್ನು ಚೀಟಿ ಎತ್ತಿದಂತೆ ತೀರ್ಮಾನಿಸಿರಲಿಲ್ಲ. ಔಷಧ ಪಡೆಯದವರು ಮೊದಲಿನ ವಾರಗಳಲ್ಲಿ ದಾಖಲಾದವರು, ಪಡೆದವರು ಆಮೇಲೆ ಬಂದವರು; ಪಡೆಯದವರ ಸರಾಸರಿ ವಯಸ್ಸು ಐದಾರು ವರ್ಷ ಹೆಚ್ಚೇ ಇತ್ತು. ಹೊಸ ಕಾಯಿಲೆಯೊಂದರ ವಿಷಯದಲ್ಲಿ ವೈದ್ಯರ ಕೈ ವಾರದಿಂದ ವಾರಕ್ಕೆ ಪಳಗುತ್ತದೆ, ಯಾರಿಗೆ ಯಾವಾಗ ಆಮ್ಲಜನಕ ಹಚ್ಚಬೇಕೆಂಬ ಪದ್ಧತಿಯೂ ಬದಲಾಗುತ್ತದೆ. ಇದೆಲ್ಲದರ ನಡುವೆ ಬಿ12ರ ಪಾಲು ಎಷ್ಟೆಂದು ಬೇರ್ಪಡಿಸಿ ಹೇಳಲು ಬರುವುದಿಲ್ಲ. ಇಂಥ ಅಧ್ಯಯನ ದೊಡ್ಡ ಪ್ರಯೋಗಕ್ಕೆ ಕಾರಣ ಆಗಬಹುದು, ಸಂಘದ ಠರಾವಿಗೆ ಕಾರಣ ಆಗಲಾರದು.

ಮೊದಲಿನವರಿಗೂ ಆಮೇಲಿನವರಿಗೂ ಹೋಲಿಕೆ ಮಾಡುವ ಈ ಪದ್ಧತಿ ಎಂಥ ದಾರಿ ತಪ್ಪಿಸಬಲ್ಲದು ಎಂಬುದಕ್ಕೆ ಬಿ1ರದ್ದೇ ಕತೆಯಿದೆ. ಅಮೆರಿಕದ ವರ್ಜೀನಿಯಾದ ಒಂದು ತೀವ್ರ ನಿಗಾ ಘಟಕದಲ್ಲಿ, ಸೋಂಕು ರಕ್ತಕ್ಕೆ ಏರಿದ ರೋಗಿಗಳಿಗೆ (ಇಂಥವರಲ್ಲಿ ನ್ಯುಮೋನಿಯದಿಂದ ಆ ಸ್ಥಿತಿಗೆ ಬಂದವರೇ ಬಹಳ) ಬಿ1, ವಿಟಮಿನ್ ಸಿ ಮತ್ತು ಹೈಡ್ರೊಕಾರ್ಟಿಸೋನ್ ಎಂಬ ಸ್ಟೀರಾಯ್ಡ್ ಕೂಡಿಸಿ ಕೊಟ್ಟಾಗ 47ರಲ್ಲಿ 4 ಜನ ತೀರಿಕೊಂಡರು, ಹಿಂದಿನ ತಿಂಗಳುಗಳಲ್ಲಿ ಕೊಡದ 47ರಲ್ಲಿ 19 ಜನ ತೀರಿಕೊಂಡಿದ್ದರು ಎಂದು 2017ರಲ್ಲಿ ಪ್ರಕಟವಾಯಿತು. ಜಗತ್ತಿನ ಅನೇಕ ಆಸ್ಪತ್ರೆಗಳು ಅದನ್ನು ಅನುಸರಿಸತೊಡಗಿದವು. ಆಮೇಲೆ ಸರಿಯಾದ ಕ್ರಮದಲ್ಲಿ, ಚೀಟಿ ಎತ್ತಿದಂತೆ ರೋಗಿಗಳನ್ನು ಹಂಚಿ ನಡೆಸಿದ ಪ್ರಯೋಗಗಳು ಬಂದವು: ಆಸ್ಟ್ರೇಲಿಯ, ನ್ಯೂಜಿಲೆಂಡ್, ಬ್ರೆಜಿಲ್‌ಗಳ 216 ರೋಗಿಗಳ ಪ್ರಯೋಗ 2020ರಲ್ಲಿ, ಅಮೆರಿಕದ 501 ರೋಗಿಗಳದ್ದು 2021ರಲ್ಲಿ. ಎರಡರಲ್ಲಿಯೂ ಲಾಭ ಕಾಣಲಿಲ್ಲ.

ನಮ್ಮ ದೇಶದ್ದೇ ಇನ್ನೊಂದು ಉದಾಹರಣೆ ಇದಕ್ಕಿಂತ ನೇರವಾದದ್ದು. ದೆಹಲಿಯ ಚಿಕ್ಕ ಮಕ್ಕಳಲ್ಲಿ ರಕ್ತದ ಫೋಲೇಟ್ (ಇದೂ ಬಿ ಗುಂಪಿನದೇ, ಬಿ9; ಗುಳಿಗೆಯಲ್ಲಿರುವ ಅದರ ರೂಪ ಫೋಲಿಕ್ ಆಮ್ಲ) ಮಟ್ಟ ಕಡಿಮೆ ಇದ್ದವರಿಗೆ ಶ್ವಾಸಕೋಶದ ಸೋಂಕು ಹೆಚ್ಚಾಗಿ ತಗಲುತ್ತದೆ ಎಂದು 2007ರಲ್ಲಿ ಒಂದು ತಂಡ ತೋರಿಸಿತು. ಹಾಗಿದ್ದರೆ ಕೊಟ್ಟು ನೋಡೋಣ ಎಂದು ಆರು ತಿಂಗಳಿಂದ ಎರಡೂವರೆ ವರ್ಷದೊಳಗಿನ 1000 ಮಕ್ಕಳಿಗೆ ಫೋಲಿಕ್ ಆಮ್ಲ, ಬಿ12, ಎರಡೂ, ಅಥವಾ ಹುಸಿ ಔಷಧ ಎಂದು ಹಂಚಿ ಆರು ತಿಂಗಳು ಕೊಟ್ಟರು. 2013ರಲ್ಲಿ ಫಲಿತಾಂಶ ಬಂದಾಗ ಶ್ವಾಸಕೋಶದ ಸೋಂಕು ಕಡಿಮೆಯಾಗಿರಲಿಲ್ಲ. ಫೋಲಿಕ್ ಆಮ್ಲ ಪಡೆದ ಮಕ್ಕಳಲ್ಲಿ ಬಹುದಿನ ನಿಲ್ಲದ ಭೇದಿ ಮಾತ್ರ ಹೆಚ್ಚಿತ್ತು. ಬಡತನ, ಊಟ, ಇಕ್ಕಟ್ಟಾದ ಮನೆ, ಒಲೆಯ ಹೊಗೆ ಇವೆಲ್ಲ ಸೇರಿಯೇ ಫೋಲೇಟನ್ನು ಇಳಿಸುತ್ತವೆ, ಕೆಮ್ಮನ್ನೂ ತರುತ್ತವೆ. ರಕ್ತದಲ್ಲಿ ಒಂದು ಅಂಶ ಕಡಿಮೆ ಇರುವುದು ಕಾಯಿಲೆಗೆ ಕಾರಣವಾಗಿರಬಹುದು, ಬರಿಯ ಗುರುತೂ ಆಗಿರಬಹುದು.

ಹಿರಿಯರ ವಿಷಯಕ್ಕೆ ಬಂದರೆ, ಬಿ ಗುಂಪೂ ಸೇರಿದ ಬಹುವಿಟಮಿನ್ ಗುಳಿಗೆಗಳನ್ನು ನೆದರ್ಲೆಂಡ್ಸ್‌ನಲ್ಲಿ 60 ದಾಟಿದ 652 ಜನರ ಮೇಲೆ (2002), ಸ್ಕಾಟ್ಲೆಂಡಿನಲ್ಲಿ 65 ದಾಟಿದ 910 ಜನರ ಮೇಲೆ (2005) ಪರೀಕ್ಷಿಸಿದ್ದಾರೆ. ಎರಡರಲ್ಲಿಯೂ ಸೋಂಕು ಕಡಿಮೆಯಾಗಲಿಲ್ಲ. ನೆದರ್ಲೆಂಡ್ಸ್‌ನಲ್ಲಿ ವಿಟಮಿನ್ ಇ ಪಡೆದವರ ಕಾಯಿಲೆ ಇನ್ನಷ್ಟು ಜೋರಾಗಿಯೇ ಇತ್ತು. ನಿಮ್ಮ ಸೂಚನೆಗೆ ಅತ್ಯಂತ ಹತ್ತಿರದ ಸಂಶೋಧನೆಗಳೆಂದರೆ ಇವೇ, ಟಿಪ್ಪಣಿಯಲ್ಲಿ ಇವನ್ನೇ ಮುಂದೆ ಇಡಿ.

ಉತ್ತರ: ಔಷಧದಂಗಡಿ, ಅಥಣಿ

ಮಾಸ್ತರರು ಹೇಳಿದ್ದಕ್ಕೆ ಅಂಗಡಿಯ ಗಲ್ಲೆಯ ಈ ಕಡೆಯಿಂದ ಕೆಲವು ಮಾತು ಸೇರಿಸುತ್ತೇನೆ. ಬಿ-ಕಾಂಪ್ಲೆಕ್ಸ್ ಕೇಳಿ ಬರುವವರಲ್ಲಿ ಬಹಳ ಜನ, ಮೂತ್ರ ಗಾಢ ಹಳದಿ ಬಂದರೆ ಉಷ್ಣ ಹೊರಗೆ ಹೋಯಿತು, ಔಷಧ ಹತ್ತಿತು ಎಂದು ತಿಳಿಯುತ್ತಾರೆ. ಆ ಹಳದಿ ದೇಹಕ್ಕೆ ಬೇಡವಾಗಿ ಹೊರಬಿದ್ದ ರೈಬೊಫ್ಲೇವಿನ್‌ನ ಬಣ್ಣ. ಸಂಘ ಖರ್ಚು ಮಾಡುವ ಹಣದ ಒಂದು ಭಾಗ ಹೀಗೆಯೇ ಹೋಗುತ್ತದೆ ಎಂದು ಮಂಡಳಿಗೆ ತಿಳಿಸಬಹುದು.

ಆದರೆ ಸಸ್ಯಾಹಾರ ಮತ್ತು ಸಕ್ಕರೆ ಗುಳಿಗೆಯ ಬಗ್ಗೆ ನೀವು ಕೊನೆಗೆ ಬರೆದ ಸಾಲೇ ನನಗೆ ಮುಖ್ಯವಾಗಿ ಕಾಣುತ್ತದೆ. ಸಸ್ಯಗಳಲ್ಲಿ ಬಿ12 ಇಲ್ಲ. ನಮ್ಮ ರೊಟ್ಟಿ, ಕಾಳು ಪಲ್ಲೆ, ಶೇಂಗಾ ಹಿಂಡಿ, ಅಗಸಿ ಹಿಂಡಿ ಎಷ್ಟೇ ಪುಷ್ಟಿಕರವಾದರೂ ಅವುಗಳಿಂದ ಬಾರದು, ಹಾಲು ಮೊಸರಿನಿಂದಲೇ ಬರಬೇಕು. ಪುಣೆ ಭಾಗದ ಹಳ್ಳಿ ಮತ್ತು ನಗರದ 441 ಪುರುಷರನ್ನು ಪರೀಕ್ಷಿಸಿದಾಗ ಶೇಕಡ 67 ಜನರಲ್ಲಿ ಬಿ12 ಕಡಿಮೆ ಇತ್ತು ಎಂದು 2006ರಲ್ಲಿ ಪ್ರಕಟವಾಗಿತ್ತು, ನಮ್ಮ ಊಟ ಅವರ ಊಟಕ್ಕಿಂತ ಬಹಳ ಬೇರೆಯೇನಲ್ಲ. ಅದರ ಮೇಲೆ ಸಕ್ಕರೆ ಕಾಯಿಲೆಯ ಗುಳಿಗೆಯಾದ ಮೆಟ್‌ಫಾರ್ಮಿನ್ ವರ್ಷಗಟ್ಟಲೆ ನುಂಗುವವರಲ್ಲಿ ಕರುಳು ಬಿ12 ಹೀರಿಕೊಳ್ಳುವುದು ಕಡಿಮೆಯಾಗುತ್ತದೆ. ಇದು ಆ ಔಷಧದ ಸಾಮಾನ್ಯ ಅಡ್ಡ ಪರಿಣಾಮ ಎಂದು ಬ್ರಿಟನ್ನಿನ ಔಷಧ ನಿಯಂತ್ರಣ ಸಂಸ್ಥೆ 2022ರಲ್ಲಿ ವೈದ್ಯರಿಗೆ ಎಚ್ಚರಿಕೆ ಕೊಟ್ಟಿದೆ. ಪಾದ ಜೋಮು ಹಿಡಿಯುವುದನ್ನು, ಉರಿಯುವುದನ್ನು ಎಲ್ಲರೂ ಸಕ್ಕರೆಯ ಲೆಕ್ಕಕ್ಕೆ ಹಾಕುತ್ತಾರೆ, ಬಿ12 ನೋಡುವುದಿಲ್ಲ.

ಇಂಥವರಿಗೆ ಸಾಮಾನ್ಯ ಬಿ-ಕಾಂಪ್ಲೆಕ್ಸ್ ಸಾಲುವುದೂ ಇಲ್ಲ. ಅದರಲ್ಲಿರುವ ಬಿ12 ಹೆಚ್ಚಾಗಿ ಹತ್ತು-ಹದಿನೈದು ಮೈಕ್ರೊಗ್ರಾಂ ಆಸುಪಾಸು. ಜಠರದ ಸಹಾಯದಿಂದ ಒಂದು ಸಲಕ್ಕೆ ಹೀರಲ್ಪಡುವುದು ಒಂದೂವರೆ-ಎರಡು ಮೈಕ್ರೊಗ್ರಾಂ ಮಾತ್ರ, ಉಳಿದದ್ದರಲ್ಲಿ ನೂರಕ್ಕೆ ಒಂದು ಪಾಲು ತಾನಾಗಿ ಒಳಗಿಳಿಯುತ್ತದೆ. ಕೊರತೆ ಇದ್ದವರಿಗೆ 1000 ಅಥವಾ 1500 ಮೈಕ್ರೊಗ್ರಾಂ ಗುಳಿಗೆ ಬರೆಯುವುದು ಇದೇ ಕಾರಣಕ್ಕೆ. ಇನ್ನೂ ಒಂದು ತೊಡಕಿದೆ. ಬಿ12 ಕೊರತೆ ಇದ್ದವರಿಗೆ ಫೋಲಿಕ್ ಆಮ್ಲ ಸಾಕಷ್ಟು, ಬಿ12 ಸಾಲದಷ್ಟು ಹೋದರೆ ರಕ್ತಹೀನತೆ ಸುಧಾರಿಸಿದಂತೆ ಕಂಡು, ನರಗಳ ಹಾನಿ ಒಳಗೊಳಗೇ ಮುಂದುವರಿಯಬಹುದು.

ಬಿ6 ಹೆಚ್ಚಿನ ಪ್ರಮಾಣದಲ್ಲಿರುವ ಗುಳಿಗೆಗಳನ್ನು ತಿಂಗಳುಗಟ್ಟಲೆ ಹಂಚುವುದಂತೂ ಬೇಡವೇ ಬೇಡ, ಅದರಿಂದಲೇ ನರದ ತೊಂದರೆ ಬರುತ್ತದೆ. ಯುರೋಪಿನಲ್ಲಿ ಅದರ ದಿನದ ಗರಿಷ್ಠ ಮಿತಿಯನ್ನು 2023ರಲ್ಲಿ 25ರಿಂದ 12 ಮಿಲಿಗ್ರಾಮಿಗೆ ಇಳಿಸಿದ್ದಾರೆ.

ಉತ್ತರ: ನಿವೃತ್ತ ಉಪನ್ಯಾಸಕ, ವಿಜಯಪುರ

ಮಾಸ್ತರರ ವಾದವನ್ನು ಗೌರವಿಸಿಯೇ ಒಂದು ಆಕ್ಷೇಪಣೆ ಎತ್ತುತ್ತೇನೆ. ತಾವು ಲಾಭ ಕಾಣದ ಪ್ರಯೋಗಗಳನ್ನಷ್ಟೇ ಆರಿಸಿ ಮುಂದಿಟ್ಟಿದ್ದೀರಿ. 2003ರಲ್ಲಿ ಅಮೆರಿಕದಲ್ಲಿ 130 ಜನರಿಗೆ ಒಂದು ವರ್ಷ ಬಹುವಿಟಮಿನ್ ಅಥವಾ ಹುಸಿ ಗುಳಿಗೆ ಕೊಟ್ಟ ಪ್ರಯೋಗದಲ್ಲಿ, ಹುಸಿ ಗುಳಿಗೆಯವರಲ್ಲಿ ಶೇಕಡ 73 ಜನ ಸೋಂಕು ಬಂತೆಂದು ಹೇಳಿದರೆ ವಿಟಮಿನ್ ಪಡೆದವರಲ್ಲಿ ಶೇಕಡ 43 ಜನ ಮಾತ್ರ ಹೇಳಿದರು. ಸಕ್ಕರೆ ಕಾಯಿಲೆಯವರನ್ನಷ್ಟೇ ತೆಗೆದುಕೊಂಡರೆ ಅಂತರ ಶೇಕಡ 93 ಮತ್ತು 17. ಜರ್ಮನಿಯ ಕೀಲ್‌ನಲ್ಲಿ ಸುಮಾರು 900 ಕೊರೋನಾ ರೋಗಿಗಳಿಗೆ ಬಿ3ರ ಒಂದು ರೂಪವಾದ ನಿಕೋಟಿನಮೈಡ್ ಕೊಟ್ಟ ಪ್ರಯೋಗ 2025ರಲ್ಲಿ ಪ್ರಕಟವಾಗಿದೆ. ಅದರಲ್ಲಿ ಎರಡು ವಾರದ ಹೊತ್ತಿಗೆ ದೇಹದ ಶಕ್ತಿ ಬೇಗ ಮರಳಿದವರ ಸಂಖ್ಯೆ ಔಷಧ ಪಡೆದವರಲ್ಲಿ ಹೆಚ್ಚಿತ್ತು. ನಾನೂ ಸಕ್ಕರೆ ಕಾಯಿಲೆಯವನು, ಹೀಗಾಗಿ ಇವನ್ನು ಕಣ್ಣಲ್ಲಿ ಕಣ್ಣಿಟ್ಟು ಓದಿದ್ದೇನೆ. ಜೋಳವೇ ಮುಖ್ಯ ಆಹಾರವಾದ ದಖ್ಖನಿನಲ್ಲಿ ಹಿಂದೆ ಬಿ3 ಕೊರತೆಯ ಪೆಲಾಗ್ರ ಕಾಣುತ್ತಿತ್ತು ಎಂಬುದನ್ನು ಹೈದರಾಬಾದಿನ ಪೋಷಣೆ ಸಂಶೋಧಕರು 1960ರ ದಶಕದಲ್ಲಿಯೇ ಅಧ್ಯಯನ ಮಾಡಿದ್ದಾರೆ. ಆದ್ದರಿಂದ ನಮ್ಮ ಭಾಗಕ್ಕೆ ಬಿ ಗುಂಪು ಅನಾವಶ್ಯಕ ಎಂದು ಬರೆದುಬಿಡಬಾರದು.

ಮರುಉತ್ತರ: ಔಷಧಶಾಸ್ತ್ರದ ಮಾಸ್ತರ, ಬೆಳಗಾವಿ

ಸರ್, ಎರಡೂ ಸರಿಯಾಗಿ ಎತ್ತಬೇಕಾದ ಉದಾಹರಣೆಗಳೇ. 2003ರ ಪ್ರಯೋಗದಲ್ಲಿ ಸಕ್ಕರೆ ಕಾಯಿಲೆಯವರು 51 ಜನ ಮಾತ್ರ, ಲಾಭವೆಲ್ಲ ಆ ಚಿಕ್ಕ ಗುಂಪಿನಲ್ಲಿಯೇ ಇತ್ತು, ಉಳಿದವರಲ್ಲಿ ಇರಲಿಲ್ಲ. ಅದರ ಮೇಲೆ ಸೋಂಕಿನ ಲೆಕ್ಕವನ್ನು ಕೊಟ್ಟದ್ದು ರೋಗಿಗಳೇ. 93ರಿಂದ 17ಕ್ಕೆ ಇಳಿಸುವ ಗುಳಿಗೆ ಇದ್ದಿದ್ದರೆ ಸ್ಕಾಟ್ಲೆಂಡಿನ 910 ಜನರಲ್ಲಿ ಅದರ ನೆರಳಾದರೂ ಬೀಳಬೇಕಿತ್ತು. ಆದರೂ ಕೊರತೆ ಇದ್ದವರಲ್ಲಿ ಪರಿಣಾಮ ಬೇರೆ ಇರಬಹುದು ಎಂಬ ತಮ್ಮ ಮಾತಿನಲ್ಲಿ ತಿರುಳಿದೆ. ಆ ಪ್ರಶ್ನೆಯನ್ನೇ ಹಿಡಿದು ನಮ್ಮ ಭಾಗದಲ್ಲಿ ಪ್ರಯೋಗ ನಡೆಯಬೇಕು.

ಕೀಲ್‌ನವರು ಕೊಟ್ಟದ್ದು ದಿನಕ್ಕೆ 1000 ಮಿಲಿಗ್ರಾಂ, ಅದರಲ್ಲಿ ಅರ್ಧ ಕರುಳಿನ ಕೆಳಭಾಗದಲ್ಲಿ ಬಿಚ್ಚಿಕೊಳ್ಳುವಂತೆ ವಿಶೇಷವಾಗಿ ತಯಾರಿಸಿದ್ದು. ದೇಹಕ್ಕೆ ದಿನಕ್ಕೆ ಬೇಕಾದದ್ದು 14ರಿಂದ 16 ಮಿಲಿಗ್ರಾಂ. ಅದೂ ಕಾಯಿಲೆ ಬಂದ ಮೇಲೆ ಕೊಟ್ಟದ್ದು, ಬರದಂತೆ ತಡೆಯಲು ಅಲ್ಲ. ಅಂಗಡಿಯ ಬಿ-ಕಾಂಪ್ಲೆಕ್ಸ್‌ಗೆ ಆ ಫಲಿತಾಂಶವನ್ನು ಅಂಟಿಸಲು ಬರುವುದಿಲ್ಲ.

ಚೀಟಿ ಎತ್ತಿ ಹಂಚದೆ, ಆದದ್ದನ್ನು ನೋಡಿ ಲೆಕ್ಕ ಹಾಕುವ ಅವಲೋಕನದ ಅಧ್ಯಯನಗಳನ್ನು ಇದ್ದಂತೆಯೇ ನಂಬುವುದಾದರೆ ತದ್ವಿರುದ್ಧವಾದದ್ದನ್ನೂ ನಂಬಬೇಕಾಗುತ್ತದೆ. ಬ್ರಿಟನ್ನಿನ ದೊಡ್ಡ ಆರೋಗ್ಯ ದತ್ತಾಂಶವೊಂದರಲ್ಲಿ, ವೈದ್ಯರ ಚೀಟಿಯ ಮೇಲೆ ಫೋಲಿಕ್ ಆಮ್ಲ ಪಡೆಯುತ್ತಿದ್ದವರಿಗೆ ಕೊರೋನಾ ತಗಲುವ ಸಂಭವ ಒಂದೂವರೆ ಪಟ್ಟು, ಅದರಿಂದ ಸಾಯುವ ಸಂಭವ ಎರಡೂವರೆ ಪಟ್ಟಿಗೂ ಹೆಚ್ಚು ಎಂದು 2022ರಲ್ಲಿ ಕಂಡುಬಂತು. ಹಾಗೆಂದು ಫೋಲಿಕ್ ಆಮ್ಲ ಕೊಲ್ಲುತ್ತದೆ ಎನ್ನೋಣವೇ? ಅದನ್ನು ಬರೆಸಿಕೊಳ್ಳುವವರು ಮೊದಲೇ ರಕ್ತಹೀನತೆ ಮತ್ತಿತರ ಕಾಯಿಲೆಯವರಾಗಿರುತ್ತಾರೆ, ಲೆಕ್ಕದಲ್ಲಿ ಎಷ್ಟೇ ಸರಿದೂಗಿಸಿದರೂ ಆ ವ್ಯತ್ಯಾಸ ಪೂರ್ತಿ ಅಳಿಯುವುದಿಲ್ಲ. ಸಿಂಗಪುರದ ಅಂಕಿಗೂ ನಾನು ಇದೇ ಅಳತೆಗೋಲು ಹಿಡಿದದ್ದು.

ಪ್ರತಿಕ್ರಿಯೆ: ಲೆಕ್ಕಿಗ, ಜಮಖಂಡಿ

ಮೂವರಿಗೂ ಋಣಿ. ಎಲ್ಲರಿಗೂ ಬಿ-ಕಾಂಪ್ಲೆಕ್ಸ್ ಹಂಚುವ ಸೂಚನೆಯನ್ನು ಕೈಬಿಟ್ಟು, ಮೆಟ್‌ಫಾರ್ಮಿನ್ ನುಂಗುವ ಹಿರಿಯ ಸದಸ್ಯರ ಬಿ12 ಪರೀಕ್ಷೆಯ ಖರ್ಚಿಗೆ ಮತ್ತು ಇಷ್ಟಪಟ್ಟವರ ಫ್ಲೂ ಲಸಿಕೆಯ ಖರ್ಚಿಗೆ ಆ ಹಣವನ್ನು ಎತ್ತಿಡಬೇಕೆಂದು ಟಿಪ್ಪಣಿ ಬರೆಯುತ್ತಿದ್ದೇನೆ. ನಿರ್ದೇಶಕರು ಒಪ್ಪುತ್ತಾರೋ ಇಲ್ಲವೋ ನೋಡಬೇಕು; ಗುಳಿಗೆ ಹಂಚಿದರೆ ಫೋಟೊ ಬರುತ್ತದೆ, ರಕ್ತ ಪರೀಕ್ಷೆಗೆ ಬರುವುದಿಲ್ಲ. ಒಂದು ಸಂದೇಹ ಉಳಿದಿದೆ: ಈಗಾಗಲೇ ತಾವಾಗಿಯೇ ಬಿ-ಕಾಂಪ್ಲೆಕ್ಸ್ ನುಂಗುತ್ತಿರುವವರು ಪರೀಕ್ಷೆ ಮಾಡಿಸಿದರೆ ಫಲಿತಾಂಶ ನಂಬಬಹುದೇ?

ಉತ್ತರ: ಔಷಧದಂಗಡಿ, ಅಥಣಿ

ಗುಳಿಗೆ ನುಂಗುತ್ತಿದ್ದರೆ, ಅದಕ್ಕಿಂತ ಹೆಚ್ಚಾಗಿ ಈಚೆಗೆ ಸೂಜಿ ಹಾಕಿಸಿಕೊಂಡಿದ್ದರೆ, ರಕ್ತದ ಮಟ್ಟ ಏರಿಯೇ ತೋರುತ್ತದೆ; ಅಂಗಾಂಶದೊಳಗಿನ ಕೊರತೆ ತುಂಬಿತೆಂದು ಅದರಿಂದ ಹೇಳಲಾಗದು. ಆದ್ದರಿಂದ ಯಾವ ಗುಳಿಗೆ, ಎಷ್ಟು ದಿನದಿಂದ, ಕೊನೆಯ ಸೂಜಿ ಯಾವಾಗ ಎಂಬುದನ್ನು ಪರೀಕ್ಷೆಯ ಚೀಟಿಯ ಮೇಲೆಯೇ ಬರೆಸಿ ಕಳುಹಿಸಿ. ಯಕೃತ್ತಿನ ತೊಂದರೆ ಇದ್ದವರಲ್ಲಿಯೂ ಮಟ್ಟ ಸುಳ್ಳಾಗಿ ಹೆಚ್ಚು ಬರುತ್ತದೆ, ಅಂಥವರ ವರದಿಯನ್ನು ವೈದ್ಯರೇ ನೋಡಲಿ. ಮೆಟ್‌ಫಾರ್ಮಿನ್ ಮಾತ್ರ ಯಾರೂ ತಾವಾಗಿ ನಿಲ್ಲಿಸಬಾರದು ಎಂಬ ಒಂದು ಸಾಲನ್ನು ಟಿಪ್ಪಣಿಯ ಕೆಳಗೆ ದಪ್ಪ ಅಕ್ಷರದಲ್ಲಿ ಹಾಕಿರಿ.