ಸಹಾಯ ಬೇಕು: 18 ದಾಟಿದ ತಮ್ಮನಿಗೆ ಹಗಲು ಕೇಂದ್ರ, ಕೆಲಸದ ತರಬೇತಿ (ಹಾಸನ ಸುತ್ತಮುತ್ತ)

ಎಲ್ಲರಿಗೂ ನಮಸ್ಕಾರ. ನನ್ನ ತಮ್ಮನಿಗೆ ಬುದ್ಧಿಮಾಂದ್ಯತೆ ಇದೆ. ವಯಸ್ಸು 18 ದಾಟಿತು ಅಂತ ವಿಶೇಷ ಶಾಲೆಯಲ್ಲಿ ಮುಂದುವರಿಸಲಿಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಉಚಿತ ಶಿಕ್ಷಣ 6ರಿಂದ 18 ವರ್ಷದವರೆಗೆ. ವೃತ್ತಿ ತರಬೇತಿ ಬಗ್ಗೆಯೂ ಅದರಲ್ಲೇ ಇದೆ, ಆದರೆ ಹತ್ತಿರದಲ್ಲಿ ಜಾಗ ಸಿಗಬೇಕಲ್ವಾ? ಈಗ ದಿನವಿಡೀ ಟಿವಿ ಮುಂದೆ. ಅಮ್ಮನಿಗೆ ಮಂಡಿನೋವು ಬೇರೆ, ಇಬ್ಬರಿಗೂ ಸಿಟ್ಟು ಜಾಸ್ತಿಯಾಗಿದೆ.

ಸುಮ್ನೆ ಕೂರಿಸಿಕೊಳ್ಳುವ ಜಾಗ ನಮಗೆ ಬೇಡ. ಅವನು ಕೆಲಸ ಮಾಡುತ್ತಾನೆ. ಎಣಿಸಲು ಬರುವುದಿಲ್ಲ, ಆದರೆ ಅವನ ಟೀಚರ್ ಒಂದು ರಟ್ಟಿನ ಮೇಲೆ ಹತ್ತು ಗೆರೆ ಎಳೆದುಕೊಟ್ಟಿದ್ದರು. ಒಂದೊಂದು ಗೆರೆ ಮೇಲೆ ಒಂದೊಂದು ಊದುಬತ್ತಿ ಇಟ್ಟು, ಗೆರೆಗಳೆಲ್ಲ ಮುಚ್ಚಿದ ಮೇಲೆ ಒಟ್ಟಿಗೆ ಎತ್ತಿ ಕವರಿಗೆ ಹಾಕುತ್ತಾನೆ, ಲೆಕ್ಕ ತಪ್ಪುವುದೇ ಇಲ್ಲ. ಹೀಗೆ ಹೇಳಿಕೊಡುವವರು ಬೇಕು. ಪೇಪರ್ ಕವರ್, ಅಡಿಕೆ ಹಾಳೆ ತಟ್ಟೆ, ನರ್ಸರಿ ಕೆಲಸ, ಯಾವುದಾದರೂ ಸರಿ.

ಹಾಸನ, ಅರಸೀಕೆರೆ, ಚನ್ನರಾಯಪಟ್ಟಣ ಕಡೆ ಇಂಥ ಕೇಂದ್ರ ಗೊತ್ತಿದ್ದರೆ ತಿಳಿಸಿ. ವ್ಯಾನ್ ಇದೆಯಾ, ತಿಂಗಳಿಗೆ ಎಷ್ಟು, ಟಾಯ್ಲೆಟ್‌ಗೆ ಜೊತೆಗೆ ಯಾರಾದರೂ ಹೋಗುತ್ತಾರಾ, ಮಾಡಿದ ಕೆಲಸಕ್ಕೆ ಸ್ವಲ್ಪವಾದರೂ ಕೂಲಿ ಕೊಡುತ್ತಾರಾ ಅಂತಲೂ ಬರೆಯಿರಿ. ತನ್ನ ದುಡ್ಡು ಅಂತ ಕೈಗೆ ಬಂದರೆ ಅವನಿಗೆ ಆಗುವ ಖುಷಿ ನನಗೆ ಗೊತ್ತು.

ಯುಡಿಐಡಿ ಕಾರ್ಡ್ (ಅಂಗವಿಕಲರ ಗುರುತಿನ ಚೀಟಿ) ಇದೆ. ನಿರಾಮಯ ವಿಮೆಯೂ ಆಗಿದೆ (1 ಲಕ್ಷದವರೆಗೆ ಚಿಕಿತ್ಸೆ ಖರ್ಚು ಸಿಗುತ್ತದೆ, ಮಾಡಿಸದವರು ದಯವಿಟ್ಟು ಮಾಡಿಸಿ). ನ್ಯಾಷನಲ್ ಟ್ರಸ್ಟ್ ಕಾಯ್ದೆಯಡಿ ಪಾಲಕತ್ವಕ್ಕೆ (18 ದಾಟಿದ ಇಂಥವರ ಪರವಾಗಿ ನಿರ್ಧಾರ ತೆಗೆದುಕೊಳ್ಳುವ ಕಾನೂನು ಹಕ್ಕು) ಜಿಲ್ಲೆಯ ಸ್ಥಳೀಯ ಸಮಿತಿಗೆ ಅರ್ಜಿ ಹಾಕಿದವರು ಇದ್ದರೆ, ಏನೇನು ಕಾಗದ ಕೇಳಿದರು ಅಂತ ಹೇಳಿ.

ಇದೇ ವಯಸ್ಸಿನ ಮಕ್ಕಳಿರುವ ಮನೆಯವರು ಹತ್ತಿರದಲ್ಲಿದ್ದರೂ ಮೆಸೇಜ್ ಮಾಡಿ. ನಾಲ್ಕೈದು ಮನೆಯವರು ಸೇರಿದರೆ ನಾವೇ ಒಂದು ಕೋಣೆ ಬಾಡಿಗೆಗೆ ಹಿಡಿದು ಶುರು ಮಾಡಬಹುದು.