ಅಪ್‌ಡೇಟ್: ಪಿಎಸ್‌ಸಿ ರೀಸನಿಂಗ್‌ನ ಅಕ್ಷರ ಸರಣಿ ಕಡೆಗೂ ತಲೆಗೆ ಹತ್ತಿತು

ಕಾಸರಗೋಡಿನಿಂದ ಮೊನ್ನೆ ಕೇಳಿದ್ದೆನಲ್ಲ, ಕೇರಳ ಪಿಎಸ್‌ಸಿ (ಲೋಕಸೇವಾ ಆಯೋಗ) ಪರೀಕ್ಷೆಗೆ ಓದುವಾಗ ಇಂಗ್ಲಿಷ್ ಅಕ್ಷರ ಸರಣಿಯಲ್ಲೇ ಸಮಯ ಮುಗಿಯುತ್ತದೆ, ಏನು ಮಾಡುವುದು ಅಂತ. ನಿನ್ನೆಯ ಮಾದರಿ ಪರೀಕ್ಷೆಯಲ್ಲಿ ಆ ಭಾಗ ಪೂರ್ತಿ ಸರಿಯಾಯಿತು.

ಕೆಲಸ ಮಾಡಿದ್ದು ‘ಇಜೋಟಿ’ (EJOTY), ಅಂದರೆ ಎ 1ರಿಂದ ಝಡ್ 26ರವರೆಗೆ ಎಣಿಸುವಾಗ ಐದೈದಕ್ಕೆ ಬರುವ ಅಕ್ಷರಗಳನ್ನು ಸೇರಿಸಿದ ಪದ. ಹೇಳಿಕೊಟ್ಟವರಿಗೆ ದೊಡ್ಡ ಥ್ಯಾಂಕ್ಸ್. ಇ 5, ಜೆ 10, ಒ 15, ಟಿ 20, ವೈ 25. ಇಷ್ಟು ಬಾಯಿಗೆ ಬಂದರೆ ಕ್ಯೂ ಎಷ್ಟನೆಯದು ಅಂತ ಎಯಿಂದ ಬೆರಳು ಮಡಚಬೇಕಾಗಿಲ್ಲ. ಒ ಆದ ಮೇಲೆ ಎರಡು, 17. ನನ್ನನ್ನು ಸತಾಯಿಸಿದ್ದ ಲೆಕ್ಕ ಇದು: ಬಿ, ಇ, ಜೆ, ಕ್ಯೂ, ಮುಂದೇನು? ಅಂಕೆಯಲ್ಲಿ ಬರೆದರೆ 2, 5, 10, 17. ಅಂತರ 3, 5, 7. ಮುಂದೆ 9 ಕೂಡಿಸಿದರೆ 26, ಅಂದರೆ ಝಡ್. ಅಷ್ಟೇ!

ಎದುರು ಜೋಡಿಯ ಮೊತ್ತ 27 (ಎ-ಝಡ್, ಬಿ-ವೈ) ಎಂಬ ಉಪಾಯವೂ ಒಳ್ಳೆಯದೇ, ಆದರೆ ನನಗೆ ಕೋಡಿಂಗ್ (ಒಂದು ಅಕ್ಷರದ ಬದಲು ಇನ್ನೊಂದನ್ನು ಬರೆಯುವ) ಲೆಕ್ಕಗಳಲ್ಲೇ ಜಾಸ್ತಿ ಉಪಯೋಗವಾಯಿತು. ಅಷ್ಟೂ ಅಕ್ಷರಗಳ ನಂಬರ್ ಉರುಹೊಡೆಯುವ ಸಲಹೆ ಮಾತ್ರ ನನಗೆ ಆಗಿಬರಲಿಲ್ಲ. ಮಧ್ಯದಿಂದ ಕೇಳಿದರೆ ತಡವರಿಸುತ್ತದೆ.

ತಮಾಷೆಯೆಂದರೆ ಕೆಲವಕ್ಕೆ ನಂಬರೇ ಬೇಡ. ಒ, ಟಿ, ಟಿ, ಎಫ್, ಎಫ್, ಎಸ್, ಎಸ್... ಸುಮ್ನೆ ಒನ್, ಟೂ, ತ್ರೀಯ ಮೊದಲಕ್ಷರಗಳು! ಮುಂದಿನದು ಇ. ಪ್ರಶ್ನೆಪತ್ರಿಕೆ ಕನ್ನಡದಲ್ಲಿದ್ದರೂ ಇಲ್ಲಿ ಇಂಗ್ಲಿಷಲ್ಲೇ ಎಣಿಸಬೇಕು, ಅಲ್ವಾ?

ಮತ್ತೊಂದು, ಕೂಡಿಸುತ್ತಾ ಝಡ್ ದಾಟಿದರೆ 26 ಕಳೆಯಿರಿ. 29 ಬಂದರೆ ಉತ್ತರ ಸಿ.